ಮಾಸ್ತರ ಕಂಪ್ಯೂಟರಿಗೆ ಹೊಸ ಡಿಸ್ಕು

ಅರ್ಧ ತಾಸಿನ ಕೆಲಸ ಅಂತ ಹೇಳಿದವಳು ನಾನೇ. ಯಾರೂ ನನ್ನ ಬಾಯಿಂದ ಹೇಳಿಸಲಿಲ್ಲ. ಕುಷ್ಟಗಿಯಲ್ಲಿ ಹನ್ನೊಂದು ವರ್ಷದಿಂದ ಕಂಪ್ಯೂಟರ್ ರಿಪೇರಿ ಅಂಗಡಿ ನಡೆಸುತ್ತಿದ್ದೇನೆ. ಹೆಣ್ಣುಮಗಳು ಸ್ಕ್ರೂಡ್ರೈವರ್ ಹಿಡಿದರೆ ತಮಾಷೆ ನೋಡಲು ನಿಲ್ಲುತ್ತಿದ್ದ ಮಂದಿಯೇ ಈಗ ತಮ್ಮ ಡಬ್ಬಿ ಹೊತ್ತು ತಂದು, ನನ್ನ ಟೇಬಲ್ಲಿನ ಮೇಲಿಟ್ಟು, "ಅಕ್ಕಾರ, ಇದರ ಹಣೇಬರಾ ಏನೈತಿ ಒಂದೀಟು ನೋಡ್ರಿ" ಅನ್ನುತ್ತಾರೆ. ಹಳೆಯ ಕಂಪ್ಯೂಟರಿನ ತಿರುಗುವ ಡಿಸ್ಕು ಕಿತ್ತು, ತಿರುಗದ ಹೊಸ ಎಸ್ಸೆಸ್‌ಡಿ ಕೂರಿಸುವುದು ಈಚೆಗೆ ನನಗೆ ಚಹಾ ಕಾಸಿದಷ್ಟೇ ಸಲೀಸು. ಎಷ್ಟು ಕೂರಿಸಿದ್ದೇನೋ ಲೆಕ್ಕ ಇಟ್ಟಿಲ್ಲ. ಒಂದೂ ಕೆಟ್ಟಿಲ್ಲ ಅನ್ನುವುದನ್ನು ಮಾತ್ರ ಕೇಳಿದವರಿಗೂ ಹೇಳುತ್ತೇನೆ, ಕೇಳದವರಿಗೂ ಹೇಳುತ್ತೇನೆ.

ಆದರೆ ಗಂಗಾವತಿಯ ಆ ಪ್ರೆಸ್ಸಿನ ಕಂಪ್ಯೂಟರು ಬೇರೆ ಮಾತು. ಮದುವೆಗೆ ಮುಂಚೆ ನಾಲ್ಕು ವರ್ಷ ನಾನು ಕೆಲಸ ಮಾಡಿದ ಜಾಗ ಅದು. ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ, ಕೆಳಗೆ ಟೇಲರ್ ಅಂಗಡಿ, ಮೇಲೆ ಪ್ರೆಸ್ಸು. ಲಗ್ನಪತ್ರಿಕೆ ಅಲ್ಲಿನ ಮುಖ್ಯ ಕೆಲಸ. ನನಗೆ ಕನ್ನಡ ಟೈಪಿಂಗ್ ಕಲಿಸಿದವರು ಅಲ್ಲಿನ ಆಪರೇಟರು. ಒಂದು ದಿನವೂ ಸಾಲಿಯಲ್ಲಿ ಪಾಠ ಹೇಳಿದವರಲ್ಲ, ಆದರೂ ಊರಿಗೆಲ್ಲ ಅವರು ಮಾಸ್ತರು.

ಒಂದು ಗುರುವಾರ ಪ್ರೆಸ್ಸಿನ ಸಾಹುಕಾರ್ರು ಫೋನ್ ಮಾಡಿದರು. ಪ್ರೆಸ್ಸು ಇಟ್ಟ ಹಿರಿಯರ ಮಗ, ನನ್ನದೇ ವಯಸ್ಸಿನವರು.

"ಅಕ್ಕಾರ, ಹೊಸ ಕಂಪ್ಯೂಟರ್ ತರಸಾಕತ್ತೀನಿ. ಬಂದು ಕುಂದ್ರಿಸಿ ಕೊಡ್ರಿ."

"ಹಳೇದಕ್ಕ ಏನ್ ಧಾಡಿ ಆಗೇತ್ರಿ?"

"ಅದು ಚಾಲೂ ಆಗೂದ್ರಾಗ ಗಿರಾಕಿ ಚಾ ಕುಡದು, ಎಲಿ ಅಡಕಿ ಹಾಕ್ಕೊಂಡು, ಬಾಜೂ ಪ್ರೆಸ್ಸಿನ್ಯಾಗ ಕಾರ್ಡ್ ಮಾಡಿಸ್ಕೊಂಡು ಹೋಗತಾನ್ರಿ."

"ಮತ್ತ ಮಾಸ್ತರ?" ಅಂದೆ.

ಸಾಹುಕಾರ್ರು ದನಿ ಸಣ್ಣದು ಮಾಡಿ, "ಅವರಿಗೆ ಹೆಂಗ ಹೇಳೂದು ಅಂತ ನನಗೂ ತಿಳಿವಲ್ದ್ರಿ. ಹೊಸಪೇಟಿಯಿಂದ ಒಬ್ಬ ಡಿಸೈನರ್ ಸೋಮವಾರ ಬರ್ತಾನ" ಅಂದರು.

ನನಗೆ ಅರ್ಥವಾಯಿತು. ಮಾಸ್ತರು ಕೆಲಸ ಮಾಡುವ ಕನ್ನಡ ಸಾಫ್ಟ್‌ವೇರು ಬಹಳ ಹಳೆಯದು. ಅದಕ್ಕೊಂದು ಬೀಗವಿದೆ: ಬೆಂಕಿಪೊಟ್ಟಣದಷ್ಟು ಗಾತ್ರದ ತುಂಡು, ಕಂಪ್ಯೂಟರಿನ ಬೆನ್ನಿಗೆ, ಹಿಂದೆ ಪ್ರಿಂಟರಿನ ವಾಯರು ಸಿಕ್ಕಿಸುತ್ತಿದ್ದ ಅಗಲವಾದ ಕಿಂಡಿಗೆ ಹಾಕಿರಬೇಕು. ಅದಿಲ್ಲದಿದ್ದರೆ ಸಾಫ್ಟ್‌ವೇರು ತೆರೆಯುವುದೇ ಇಲ್ಲ. ಈಗಿನ ಕಂಪ್ಯೂಟರುಗಳಿಗೆ ಆ ಕಿಂಡಿಯೇ ಇಲ್ಲ. ಹಳೆಯ ಡಬ್ಬಿ ಹೋದರೆ ಸಾಫ್ಟ್‌ವೇರು ಹೋಯಿತು, ಸಾಫ್ಟ್‌ವೇರು ಹೋದರೆ ಮಾಸ್ತರ ಕುರ್ಚಿಯೂ ಹೋಯಿತು. ಬೇರೆಯದು ಅವರು ಕಲಿಯಲಾರರು ಅಂತಲ್ಲ. ಕಲಿಯಲು ಬಿಡುವಷ್ಟು ಪುರಸೊತ್ತು ಸಾಹುಕಾರ್ರಿಗಿರಲಿಲ್ಲ.

ಅವರ ಕೆಲಸವೇನು ಬರೀ ಟೈಪ್ ಹೊಡೆಯುವುದೇ? ನಮ್ಮ ಕಡೆಯ ಲಗ್ನಪತ್ರಿಕೆಯಲ್ಲಿ ಮುಹೂರ್ತ ನಾಲ್ಕು ಸಾಲು, ಬಂಧುಗಳ ಹೆಸರು ನಲವತ್ತು ಸಾಲು. ಯಾವ ಮನೆಯಲ್ಲಿ ದೊಡ್ಡಪ್ಪನ ಹೆಸರು ಮೊದಲು, ಯಾವ ಮನೆಯಲ್ಲಿ ಸೋದರಮಾವನದು ಮೊದಲು, ಯಾವ ಇಬ್ಬರು ಅಣ್ಣತಮ್ಮಂದಿರ ಹೆಸರನ್ನು ಒಂದೇ ಸಾಲಿನಲ್ಲಿ ಹಾಕಬಾರದು, ಎಲ್ಲ ಅವರಿಗೆ ಬಾಯಿಪಾಠ. ಹೆಸರು ಹಿಂದೆಮುಂದಾಗಿ ಬೀಗರ ನಡುವೆ ಜಗಳ ಹತ್ತಿದ್ದು ನಾನೇ ನೋಡಿದ್ದೇನೆ. ಹಾಗಾಗಿ ಹಿರಿಯ ಮಗನ ಮದುವೆಗೆ ಬಂದವರು ಕಿರಿಯವನದಕ್ಕೂ ಇಲ್ಲಿಗೇ ಬಂದು, "ಅದ ಕಾರ್ಡ್ ತಗೀರಿ, ಅದರಂಗ ಮಾಡ್ರಿ" ಅನ್ನುತ್ತಾರೆ. ಆ ಹಳೆಯ ಕಾರ್ಡುಗಳೆಲ್ಲ ಇದ್ದದ್ದು ಆ ಒಂದೇ ಡಿಸ್ಕಿನಲ್ಲಿ, ಆ ಒಂದೇ ಸಾಫ್ಟ್‌ವೇರಿನಲ್ಲಿ.

"ಸಾಹುಕಾರ್ರ, ನನಗ ಒಂದ ದಿನಾ ಕೊಡ್ರಿ. ಹಳೇ ಕಂಪ್ಯೂಟರನ್ನ ಕುದರಿ ಓಡಿಸಿದಂಗ ಓಡಸ್ತೀನಿ. ಅರ್ಧ ತಾಸಿನ ಕೆಲಸ" ಅಂದೆ.

"ಶನಿವಾರ ಮೂರು ಗಂಟೇಕ್ಕ ಮಂಗಳೂರಿನವರು ಕಾರ್ಡ್ ನೋಡಾಕ ಬರ್ತಾರ. ಅಷ್ಟ್ರಾಗ ಆದ್ರ ಆತು. ಇಲ್ಲಾಂದ್ರ ಸೋಮವಾರದ ಮಾತು ಸೋಮವಾರಕ್ಕ ಐತ್ರಿ."

ಮಂಗಳೂರೆಂದರೆ ಕಡಲಿನ ಮಂಗಳೂರಲ್ಲ, ನಮ್ಮ ಯಲಬುರ್ಗಾ ಕಡೆಯ ಮಂಗಳೂರು. ಅಷ್ಟು ದೂರದಿಂದ ಗಿರಾಕಿ ಬರುವುದೂ ಮಾಸ್ತರ ಹೆಸರಿನ ಮೇಲೇ.

ಶನಿವಾರ ಬೆಳಿಗ್ಗೆ ತಾವರಗೇರಾ, ಕನಕಗಿರಿ ಮೇಲೆ ಹೋಗುವ ಬಸ್ಸು ಹಿಡಿದೆ. ಕಂಡಕ್ಟರ್ ಸೊನ್ನೆ ರೂಪಾಯಿಯ ಟಿಕೆಟ್ ಕೊಟ್ಟ. ತೊಡೆಯ ಮೇಲೆ ಚೀಲ, ಚೀಲದಲ್ಲಿ ನನ್ನ ಲ್ಯಾಪ್‌ಟಾಪು, ಎರಡು ವಾಯರು, ಕೊಪ್ಪಳದ ನನ್ನ ಖಾಯಂ ಅಂಗಡಿಯವರಿಂದ ತರಿಸಿಟ್ಟುಕೊಂಡಿದ್ದ ಹೊಸ ಡಿಸ್ಕು. ದಾರಿಯುದ್ದಕ್ಕೂ ಶಿಳ್ಳೆ ಹೊಡೆಯುವುದೊಂದು ಬಾಕಿ, ಅಷ್ಟು ಹುರುಪಿನಲ್ಲಿದ್ದೆ. ಮಾಸ್ತರಿಗೆ ಏನೂ ಗೊತ್ತಿಲ್ಲ, ಗೊತ್ತಾಗುವ ಮೊದಲೇ ಅವರ ಕುರ್ಚಿ ಉಳಿಸಿ ಬಂದುಬಿಡುತ್ತೇನೆ ಅಂತ ನನ್ನ ಎಣಿಕೆ.

ಮೆಟ್ಟಿಲು ಹತ್ತುವಾಗಲೇ ಮಾಸ್ತರು ಕಂಡರು. ಅದೇ ಬಿಳಿ ಅಂಗಿ, ಹಣೆಯಲ್ಲಿ ಅದೇ ಮೂರು ಬೆರಳಿನ ವಿಭೂತಿ.

"ಬಾ ತಂಗಿ. ದಪ್ಪ ಆಗೀಯಲ್ಲ."

"ನೀವು ಹಂಗ ಅದೀರಿ ನೋಡ್ರಿ, ಒಣಕೊಬ್ರಿ!"

ನಕ್ಕರು. ಹೊಸ ಡಿಸ್ಕನ್ನು ಅಂಗೈ ಮೇಲಿಟ್ಟೆ. ಅವರು ಅದನ್ನು ತೂಗಿ ನೋಡಿದರು, ಕಿವಿಯ ಹತ್ತಿರ ಅಲ್ಲಾಡಿಸಿದರು.

"ಒಳಗ ತಿರುಗೂದು ಏನೂ ಇಲ್ಲೇನ?"

"ಏನೂ ಇಲ್ರಿ. ಬರೀ ಚಿಪ್ಪು. ಅದಕ್ಕ ಜೋರು."

"ತಿರಗದ ಜೋರು ಹೆಂಗ ಬರ್ತೈತಿ?" ಅಂತ ಅವರು ಕೇಳಿದ್ದಕ್ಕೆ, ಹಳೆಯ ಡಿಸ್ಕಿನಲ್ಲಿ ಒಂದು ಮುಳ್ಳು ಓಡಾಡಿ ಓಡಾಡಿ ಹುಡುಕಬೇಕು, ಇದರಲ್ಲಿ ಕೇಳಿದ್ದು ಕೇಳಿದಲ್ಲೇ ಸಿಗುತ್ತದೆ ಅಂತ ಹೇಳಿದೆ. ತಲೆ ಆಡಿಸಿದರು. ಒಪ್ಪಿದರೋ ನನ್ನ ಮಾತಿಗೆ ಸುಮ್ಮನಾದರೋ ತಿಳಿಯಲಿಲ್ಲ.

ಕಂಪ್ಯೂಟರಿನ ಪಕ್ಕದ ತಗಡು ಬಿಚ್ಚಿದೆ. ಯಪ್ಪಾ, ಆ ಧೂಳು! ಫ್ಯಾನಿನ ರೆಕ್ಕೆಗಳ ಮೇಲೆ ಕಂಬಳಿ ಹೊದಿಸಿದ ಹಾಗಿತ್ತು. ಎಲ್ಲ ಉಜ್ಜಿ ತೆಗೆದು, ಹಳೆಯ ಡಿಸ್ಕು ಬಿಚ್ಚಿ, ಅದನ್ನೂ ಹೊಸದನ್ನೂ ನನ್ನ ಲ್ಯಾಪ್‌ಟಾಪಿಗೆ ಜೋಡಿಸಿ ನಕಲಿಗೆ ಹಚ್ಚಿದೆ. ಹಳೆಯದರಲ್ಲಿ ಇದ್ದದ್ದು ಇದ್ದ ಹಾಗೇ, ಒಂದು ಅಕ್ಷರ ಬಿಡದೆ, ಹೊಸದಕ್ಕೆ ಇಳಿಯಬೇಕು. ಹಳೆಯದು ನರಳಿತು. ನಡುನಡುವೆ ಟಕ್ ಟಕ್ ಅಂದಿತು. ಒಂದೂವರೆ ತಾಸು ಹಿಡಿಯಿತು. ನನ್ನ ಅರ್ಧ ತಾಸು ಅಲ್ಲಿಗೇ ನೀರುಪಾಲಾಯಿತು.

ಕೊನೆಗೆ ಲ್ಯಾಪ್‌ಟಾಪು, ಎಲ್ಲ ಸುಸೂತ್ರ ಮುಗಿಯಿತು ಅಂತ ತೋರಿಸಿತು. ಚೀಲದಲ್ಲಿ ನನ್ನದೇ ಇನ್ನೊಂದು ಖಾಲಿ ಡಿಸ್ಕು ಇತ್ತು. ಮಾಸ್ತರು ಕೇಳಿದರು, "ಇದರಾಗ ಇನ್ನೊಂದು ಕಾಪಿ ಇಟ್ಟುಕೊಳ್ಳೂದು ಬ್ಯಾಡೇನು?"

"ಯಾಕ ಬೇಕ್ರಿ? ಹಳೇದೂ ಐತಿ, ಹೊಸಾದೂ ಐತಿ. ಇನ್ನೇನು ಮೂರನೇದು?"

ಅಂಗಡಿಗೆ ಬಂದವರಿಗೆಲ್ಲ "ಮೊದಲ ಇನ್ನೊಂದು ಕಾಪಿ ಮಾಡಿಟ್ಟುಕೊಳ್ರಿ" ಅಂತ ತಲೆ ತಿನ್ನುವವಳು ನಾನು. ಅವತ್ತು ಮೂರನೆಯದು ಬೇಡವೆಂದ ನಾಲಿಗೆಯನ್ನು ಕಚ್ಚಿಕೊಳ್ಳಬೇಕು ಅಂತ ಈಗಲೂ ಅನ್ನಿಸುತ್ತದೆ. ಹೊಟ್ಟೆ ಚುರುಗುಟ್ಟುತ್ತಿತ್ತು, ಡಿಸ್ಕುಗಳನ್ನು ಟೇಬಲ್ಲಿನ ಮೇಲೇ ಬಿಟ್ಟು, ಎದುರಿನ ಹೋಟೆಲಿನಲ್ಲಿ ಒಗ್ಗರಣಿ ಮಿರ್ಚಿ ತಿನ್ನಲು ಇಳಿದು ಹೋದೆ. ಮಾಸ್ತರದು ಶನಿವಾರ ಒಪ್ಪತ್ತು, ಬರಲಿಲ್ಲ.

ತಿಂದು ಬಂದು, ಹೊಸ ಡಿಸ್ಕನ್ನು ಕಂಪ್ಯೂಟರಿನಲ್ಲಿ ಕೂರಿಸಿ, ವಾಯರು ಸಿಕ್ಕಿಸಿ, "ನೋಡ್ರಿ ಮಾಸ್ತರ ಈಗ!" ಅಂತ ಗುಂಡಿ ಒತ್ತಿದೆ. ಕರಿ ತೆರೆ. ಅದರ ಮೇಲೆ ಬಿಳಿ ಅಕ್ಷರದ ಒಂದೇ ಸಾಲು. ಡಿಸ್ಕೇ ಇಲ್ಲ, ಡಿಸ್ಕು ಹಾಕು ಅಂತ ಅದರ ಅರ್ಥ.

ಮತ್ತೆ ಒತ್ತಿದೆ. ಅದೇ. ವಾಯರಿನ ಆಚೆ ತುದಿ ಕಿತ್ತು ಬೇರೆ ಕಿಂಡಿಗೆ ಹಾಕಿದೆ. ಅದೇ. ಇರಲಿ, ಹಳೆಯದನ್ನೇ ಹಾಕಿ ಇನ್ನೊಮ್ಮೆ ನಕಲು ತೆಗೆದರಾಯಿತು ಅಂತ ಹಳೆಯ ಡಿಸ್ಕನ್ನು ಲ್ಯಾಪ್‌ಟಾಪಿಗೆ ಜೋಡಿಸಿದೆ. ಟಕ್, ಟಕ್, ಟಕ್ ಅಂದಿತು. ನಿಂತಿತು. ಆಮೇಲೆ ಅದು ಸದ್ದೇ ಮಾಡಲಿಲ್ಲ. ಒಂದೂವರೆ ತಾಸು ಬಿಡದೆ ದುಡಿಸಿಕೊಂಡಿದ್ದೆನಲ್ಲ, ಜೀವ ಬಿಟ್ಟಿತ್ತು.

ಗೋಡೆಯ ಗಡಿಯಾರದಲ್ಲಿ ಒಂದೂಕಾಲು. ಹಳೆಯದು ಸತ್ತಿದೆ, ಹೊಸದು ಕಣ್ಣು ತೆರೆಯುತ್ತಿಲ್ಲ. ಊರ ಮಂದಿಯ ಮದುವೆಯ ಹೆಸರುಗಳೆಲ್ಲ ಹೋದವು, ಮಾಸ್ತರ ಕೆಲಸವೂ ಹೋಯಿತು, ಅದೂ ನನ್ನ ಕೈಯಿಂದ. ಸುಮ್ಮನೆ ಇದ್ದಿದ್ದರೆ ಕನಿಷ್ಠ ಸೋಮವಾರದ ತನಕವಾದರೂ ಅವರು ಆ ಕುರ್ಚಿಯಲ್ಲಿ ಕೂರುತ್ತಿದ್ದರು.

ಹೆದರಿದಾಗ ನನಗೆ ಸಿಟ್ಟು ಬರುತ್ತದೆ. ಅದು ನನ್ನ ಹುಟ್ಟುಗುಣ. ಕೊಪ್ಪಳದ ಅಂಗಡಿಯವರಿಗೆ ಫೋನ್ ಹಚ್ಚಿದೆ. "ಏನ್ರೀ ಅಣ್ಣಾರ, ಡುಪ್ಲಿಕೇಟ್ ಮಾಲು ಕೊಟ್ಟು ನನ್ನ ಮಾನ ತಗದ್ರಿ! ಇಷ್ಟು ವರ್ಷ ನಿಮ್ಮನ್ನ ನಂಬಿದ್ದಕ್ಕ ಛಲೋ ಮಾಡಿದ್ರಿ!" ಪಾಪ, ಅವರು "ಅಕ್ಕಾರ, ಒಂದೀಟು ಕೇಳ್ರಿ" ಅನ್ನುತ್ತಲೇ ಇದ್ದರು. ನಾನು ಕೇಳುವ ಸ್ಥಿತಿಯಲ್ಲಿ ಇರಲಿಲ್ಲ. ಬಾಯಿಗೆ ಬಂದದ್ದು ಅಂದು ಫೋನು ಇಟ್ಟೆ.

ಮಾಸ್ತರು ಮೊಣಕಾಲ ಮೇಲೆ ಕೈ ಇಟ್ಟು ಕೂತಿದ್ದರು. "ಹೋಗ್ಲಿ ಬಿಡವಾ. ಅದರ ಆಯುಷ್ಯ ಅಷ್ಟಿತ್ತು. ನೀ ಯಾಕ ಅಷ್ಟು ಮನಸಿಗೆ ಹಚಗೊಂತಿ? ಒಂದು ಗುಟುಕು ನೀರು ಕುಡಿ" ಅಂದರು. ಅವರು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಈ ಮಾತಿಗೆ ಕಣ್ಣಲ್ಲಿ ನೀರು ಬಂದುಬಿಟ್ಟಿತು. ಅವರಿಗೆ ಕಾಣಬಾರದೆಂದು ಡಬ್ಬಿಯೊಳಗೆ ತಲೆ ಹಾಕಿ, ಸುಮ್ಮನೆ ಹೊಸ ಡಿಸ್ಕಿನ ವಾಯರು ಹಿಡಿದು ಎಳೆದೆ.

ವಾಯರಿನ ಬಾಯಿ ಕೆಂಪಗಿತ್ತು.

ಬೆಳಕಿಗೆ ಹಿಡಿದೆ. ಒಳಗೆ ಬಿಳಿಯದೂ ಇತ್ತು, ಸುಣ್ಣ ಬಳಿದ ಹಾಗೆ. ಡಿಸ್ಕು ತಿರುಗಿಸಿ ನೋಡಿದರೆ, ವಾಯರು ಸಿಕ್ಕಿಸುವ ಸಂದಿನಲ್ಲಿ ಸಾಲಾಗಿ ಹೊಳೆಯಬೇಕಾದ ಬಂಗಾರದ ಬಣ್ಣದ ಹಲ್ಲುಗಳು ಕಾಣುತ್ತಲೇ ಇಲ್ಲ.

"ಮಾಸ್ತರ, ಇದೇನ್ರಿ?"

ಅವರು ಬಗ್ಗಿ ನೋಡಿದರು. "ವಿಭೂತಿ. ಮ್ಯಾಲೆ ಒಂದೀಟು ಕುಂಕುಮ."

"ಯಾರು ಹಚ್ಚಿದ್ರು?"

"ನಾನ. ನೀ ನಾಷ್ಟಾಕ್ಕ ಹೋಗಿದ್ದೆಲ್ಲ? ಹೊಸಾ ಸಾಮಾನು, ಪೂಜಿ ಇಲ್ಲದ ಹೆಂಗ ಕೆಲಸಕ್ಕ ಹಚ್ಚೂದು? ಊದಿನಕಡ್ಡಿ ಹಚ್ಚಿ ಬೆಳಗೀನಿ."

"ಹಚ್ರಿ, ಯಾರು ಬ್ಯಾಡಂದ್ರು! ಬೆನ್ನಿಗೆ ಹಚ್ಚಬೇಕಿಲ್ರಿ? ಬಾಯಾಗ ಯಾಕ ತುಂಬಿದ್ರಿ?"

"ಹಂಗಲ್ಲವಾ. ಕರೇ ಡಬ್ಬಿ, ಎಲ್ಲಾ ಕಡೆ ಒಂದ ನಮೂನಿ ಐತಿ. ಹಣಿ ಯಾವದು ಅಂತ ಗೊತ್ತಾಗ್ಲಿಲ್ಲ. ಅಲ್ಲೊಂದು ಕಡೆ ಬಂಗಾರದಂಗ ಹೊಳೀತು. ಅದ ಇದರ ಮಾರಿ ಇರಬೇಕಂತ ತಿಳಕೊಂಡು ಅಲ್ಲೇ ಹಚ್ಚಿದೆ. ಸಂದಿ ಸಣ್ಣದಿತ್ತು, ಕಡ್ಡಿ ತಗೊಂಡು ಹಚ್ಚಬೇಕಾತು."

ಕಡ್ಡಿ ತಗೊಂಡು! ನನಗೆ ನಗು ಬಂತೋ ಅಳು ಬಂತೋ ಇವತ್ತಿಗೂ ಹೇಳಲಾರೆ. ಅವರ ಕೈ ಹಿಡಿದುಕೊಂಡು ನಕ್ಕೆ. ನೀರಿನಲ್ಲಿ ಕಲಸಿದ ವಿಭೂತಿ ಒಣಗಿ ಗಾರೆ ಗಚ್ಚಿನಂತೆ ಕಚ್ಚಿತ್ತು. ಅದರ ಅಡಿಯಲ್ಲಿ ಡಿಸ್ಕು ಬದುಕಿರಬಹುದು ಅನ್ನುವ ಒಂದೇ ಆಸೆ. ಪಕ್ಕದ ಮೆಡಿಕಲ್ ಶಾಪಿನಿಂದ ಸ್ಪಿರಿಟ್ ತರಿಸಿದೆ, ಹೊಸ ಟೂತ್‌ಬ್ರಶ್ ಒಂದರ ಕೂದಲು ಗಿಡ್ಡ ಕತ್ತರಿಸಿದೆ. ಒಂದೊಂದೇ ಹಲ್ಲನ್ನು, ಮಗುವಿನ ಕಿವಿ ಒರೆಸುವ ಹಾಗೆ, ಉಜ್ಜಿದೆ. ಮಾಸ್ತರು ಮೊಬೈಲಿನ ಬೆಳಕು ಹಿಡಿದು ನಿಂತರು. "ಮೂರನೇದ್ರಾಗ ಇನ್ನೂ ಐತಿ ನೋಡು" ಅಂತ ತೋರಿಸುತ್ತಲೂ ಇದ್ದರು. ಕೆಂಪು ಹಿಡಿದ ಆ ವಾಯರನ್ನು ಎಸೆದು ನನ್ನ ಚೀಲದ ಹೊಸ ವಾಯರು ಹಾಕಿದೆ. ಒಣಗಲೆಂದು ಇಪ್ಪತ್ತು ನಿಮಿಷ ಫ್ಯಾನಿನ ಕೆಳಗಿಟ್ಟು ಕಾದೆವು. ನನ್ನ ಜೀವನದಲ್ಲಿ ಅಷ್ಟು ಉದ್ದದ ಇಪ್ಪತ್ತು ನಿಮಿಷ ಮತ್ತೊಂದಿಲ್ಲ.

ಗುಂಡಿ ಒತ್ತಿದೆ. ಕರಿ ತೆರೆ ಬಂತು. ಬಿಳಿ ಸಾಲು ಬರಲಿಲ್ಲ. ಮಾಸ್ತರು ಅಭ್ಯಾಸದಂತೆ ಕುರ್ಚಿಗೆ ಒರಗಿ ದಿನಪತ್ರಿಕೆ ಕೈಗೆತ್ತಿಕೊಂಡರು. ಅವರು ಪುಟ ಬಿಡಿಸುವುದರೊಳಗೆ ತೆರೆಯ ಮೇಲೆ ಎಲ್ಲ ಬಂದು ಕೂತಿತ್ತು: ಅವರ ಫೈಲುಗಳು, ಅವರ ಸಾಫ್ಟ್‌ವೇರು, ಬೀಗ ಒಪ್ಪಿಕೊಂಡ ಗುರುತು.

"ಎಲಾ ಇದರ! ಆತೇನು?" ಅಂದರು.

"ಆತ್ರಿ!" ಅಂತ ಕೂಗಿದೆ. ಮತ್ತೆ ಆರಿಸಿ ಮತ್ತೆ ಹಚ್ಚಿದೆ. ಮೂರು ಸಲ ಹಾಗೆ ಮಾಡಿದೆ, ಮೂರೂ ಸಲ ಅವರು ಪತ್ರಿಕೆ ಬಿಡಿಸಿ ಮಡಚಿ ಮಕ್ಕಳ ಹಾಗೆ ನಕ್ಕರು. ಈ ಸಲ ಬುದ್ಧಿ ಬಂದಿತ್ತು, ಎಲ್ಲದರ ಇನ್ನೊಂದು ಪ್ರತಿಯನ್ನು ನನ್ನ ಡಿಸ್ಕಿಗೆ ಮೊದಲು ಇಳಿಸಿಕೊಂಡೆ. ಆಮೇಲೆ ಕೊಪ್ಪಳಕ್ಕೆ ಫೋನ್ ಮಾಡಿ, "ಅಣ್ಣಾರ, ತಪ್ಪು ನಂದ, ಹೊಟ್ಯಾಗ ಹಾಕ್ಕೊಳ್ರಿ" ಅಂದೆ. ಏನಾಗಿತ್ತು ಅಂತ ಅವರು ಕೇಳಿದ್ದಕ್ಕೆ ಹೇಳಿದೆ. ಅವರು ನಕ್ಕ ಸದ್ದು ಮಾಸ್ತರಿಗೂ ಕೇಳಿಸಿತು.

ಮೂರು ಗಂಟೆಗೆ ಐದು ನಿಮಿಷ ಇರುವಾಗ ಸಾಹುಕಾರ್ರು ಬಂದರು. ಹಿಂದೆಯೇ ಮಂಗಳೂರಿನವರು, ವರನ ತಂದೆ ಮತ್ತು ಅವರ ಅಕ್ಕ. ಅವರನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ ಸಾಹುಕಾರ್ರು ಒಳಗೆ ಬಂದು, "ಏನ್ ಅಕ್ಕಾರ, ಕುದರಿ ಓಡ್ತೇನು?" ಅಂದರು.

ಇನ್ನು ನನ್ನನ್ನು ಹಿಡಿಯುವವರು ಯಾರು! ಮಾಸ್ತರ ಪಕ್ಕದಲ್ಲಿ ನಿಂತು ಮೌಸು ನಾನೇ ಹಿಡಿದೆ. ಕಂಪ್ಯೂಟರ್ ಆರಿಸಿ ಹಚ್ಚಿ ತೋರಿಸಿದೆ. ಸಾಹುಕಾರ್ರ ಹುಬ್ಬು ಮೇಲೇರಿತು. "ಇದೇನ್ ಮಹಾ, ಈಗ ನೋಡ್ರಿ ತಮಾಷಾ. ಕೊನೀಗೆ ಮಾಡಿದ ಫೈಲ್ ತಗೀತೀನಿ, ಕಣ್ಣು ಮುಚ್ಚಿ ಬಿಡೂದ್ರಾಗ ಬರ್ತೈತಿ" ಅಂದೆ. ಕೊನೆಗೆ ಮಾಡಿದ್ದು ಮಂಗಳೂರಿನವರ ಕಾರ್ಡೇ ಇರಬೇಕು ಅಂತ ನನ್ನ ಖಾತ್ರಿ. ಪಟ್ಟಿಯ ಮೊದಲನೆಯ ಹೆಸರಿನ ಮೇಲೆ ಒತ್ತಿದೆ.

"ತಂಗಿ, ಅದು ಬ್ಯಾಡ..." ಅಂದರು ಮಾಸ್ತರು, ಅರ್ಧ ಎದ್ದು.

ಹಿಂದಿನ ದಿನವಾಗಿದ್ದರೆ ಆ ಕಂಪ್ಯೂಟರು ಎರಡು ನಿಮಿಷ ಯೋಚಿಸುತ್ತಿತ್ತು. ಅಷ್ಟರಲ್ಲಿ ಬೇಡವೆಂದು ಮುಚ್ಚಬಹುದಿತ್ತು. ಅವತ್ತು ಅವರ ಮಾತು ಮುಗಿಯುವ ಮೊದಲೇ ಫೈಲು ತೆರೆದು, ತೆರೆಯ ತುಂಬ ನಿಂತುಬಿಟ್ಟಿತು. ಅದು ಕಾರ್ಡಲ್ಲ, ಸಾಹುಕಾರ್ರ ಹೆಸರಿಗೆ ಬರೆದ ಒಂದು ಅರ್ಜಿ. ಚೊಕ್ಕ ಅಕ್ಷರ, ಸರಿಯಾದ ಅಂಚು. ಇತ್ತೀಚೆಗೆ ನನ್ನ ಕಣ್ಣಿನ ದೃಷ್ಟಿ ಮಂದವಾಗಿರುವುದರಿಂದ ಈ ಕೆಲಸ ಮಾಡಲು ಕಷ್ಟವಾಗುತ್ತಿದೆ, ಆದ್ದರಿಂದ ಬರುವ ಸೋಮವಾರದಿಂದ ನನ್ನನ್ನು ಕೆಲಸದಿಂದ ಬಿಡುಗಡೆ ಮಾಡಬೇಕೆಂದು ಕೋರುತ್ತೇನೆ.

ಕೆಳಗಿನ ಟೇಲರ್ ಅಂಗಡಿಯವರು ಸೂಜಿಗೆ ದಾರ ಪೋಣಿಸಿಕೊಳ್ಳಲು ಮಾಸ್ತರ ಹತ್ತಿರ ಬರುತ್ತಾರೆ. ಅಂಥ ಕಣ್ಣು ಅವರದು. ಇದು ನನಗೂ ಗೊತ್ತು, ಸಾಹುಕಾರ್ರಿಗೂ ಗೊತ್ತು.

ನನಗೆ ನೆಲ ಬಾಯಿ ಬಿಟ್ಟರೆ ಇಳಿದುಹೋಗುತ್ತೇನೆ ಅನ್ನಿಸಿತು. ಸಾಹುಕಾರ್ರು ಅರ್ಜಿಯನ್ನು ಒಮ್ಮೆ ಓದಿದರು, ಮತ್ತೊಮ್ಮೆ ಓದಿದರು.

"ಸೋಮವಾರದ ಸುದ್ದಿ ನಿಮಗ ಯಾರು ಹೇಳಿದ್ರು?" ಅಂದರು.

"ಹೊಸಪೇಟಿಯವ್ರು ಬುಧವಾರ ಪ್ರೆಸ್ಸಿನ ಫೋನಿಗೆ ಮಾಡಿದ್ರಿ. ನಾನ ಎತ್ತಿದ್ದೆ."

"ಕಣ್ಣು ಕಾಣೂದಿಲ್ಲ ಅಂತ ಯಾಕ ಸುಳ್ಳು ಬರದ್ರಿ?"

ಮಾಸ್ತರು ಅವರ ಮುಖ ನೋಡಲಿಲ್ಲ. ಕುರ್ಚಿಯ ಹಿಂದೆ ಸರಿದು ನಿಂತು, ಅದರ ಬೆನ್ನು ಹಿಡಿದುಕೊಂಡಿದ್ದರು. "ಸಣ್ಣವರಿದ್ದಾಗಿಂದ ನಿಮ್ಮನ್ನ ನೋಡೀನ್ರಿ. ಹೋಗ್ರಿ ಅಂತ ನನಗ ಹೇಳೂದು ನಿಮಗ ಭಾಳ ತ್ರಾಸ ಆಕ್ಕೈತಿ. ಆ ಮಾತು ನಿಮ್ಮ ಬಾಯಿಲೆ ಬರೂದು ಬ್ಯಾಡ ಅಂತ."

ಸಾಹುಕಾರ್ರು ಕಿಟಕಿಯ ಕಡೆ ತಿರುಗಿದರು. ಹೊರಗಿನ ಬೆಂಚಿನಿಂದ ವರನ ಸೋದರತ್ತೆ, "ಆತೇನ್ರಿ ಮಾಸ್ತರ? ನಮಗ ಬಸ್ಸೈತಿ" ಅಂತ ಕೂಗಿದರು. ಸಾಹುಕಾರ್ರು ಜೇಬಿನಿಂದ ಮೊಬೈಲು ತೆಗೆದು, ನಮ್ಮೆದುರೇ ನಂಬರು ಒತ್ತಿದರು.

"ಸೋಮವಾರ ಬರಬ್ಯಾಡ್ರಿ. ಇಲ್ಲ, ಮುಂದಿನ ವಾರನೂ ಬ್ಯಾಡ. ನಮ್ಮಲ್ಲಿ ಕೆಲಸದವರು ಅದಾರ."

ಫೋನು ಜೇಬಿಗೆ ಹಾಕಿ, ಇನ್ನೂ ನಿಂತೇ ಇದ್ದ ಮಾಸ್ತರ ಹತ್ತಿರ ಬಂದು, ಅವರು ಹಿಡಿದಿದ್ದ ಕುರ್ಚಿಯನ್ನು ಅವರ ಕೈಯಿಂದ ಬಿಡಿಸಿ, ತಾವೇ ಕಂಪ್ಯೂಟರಿನ ಮುಂದಕ್ಕೆ ಎಳೆದು ಇಟ್ಟರು.

"ಮಂದಿ ಕುಂತಾರ. ಕುಂಡ್ರಿ ಮಾಸ್ತರ" ಅಂದರು.